ಮೀಸೆ ಇದ್ದವನು, ಮೀಸೆ ಇಲ್ಲದವನು

ಹೃಷಿಕೇಶ್ ಮುಖರ್ಜಿಯವರ ‘ಗೋಲ್‌ಮಾಲ್’ (1979) ಚಿತ್ರದ ಭವಾನಿಶಂಕರನಿಗೆ ಮೀಸೆಯಿಲ್ಲದ ಗಂಡಸಿನ ಮೇಲೆ ನಂಬಿಕೆಯಿಲ್ಲ. ತನ್ನ ಕಂಪನಿಗೆ ಸೇರುವ ಹುಡುಗ ಹಿರಿಯರ ಕಾಲದ ಉಡುಪು ತೊಡಬೇಕು, ಆಟಪಾಟದ ಗೊಡವೆಗೆ ಹೋಗಬಾರದು. ಅಮೋಲ್ ಪಾಲೇಕರ್ ಅಭಿನಯದ ರಾಮಪ್ರಸಾದ ಇದನ್ನೆಲ್ಲ ಮೊದಲೇ ತಿಳಿದುಕೊಂಡು, ಗಿಡ್ಡ ಜುಬ್ಬಾ ಹಾಕಿಕೊಂಡು ಹೋಗಿ ಕೆಲಸ ಗಿಟ್ಟಿಸುತ್ತಾನೆ. ಮುಂದೆ ಹಾಕಿ ಪಂದ್ಯ ನೋಡುತ್ತಾ ಕುಳಿತಿದ್ದಾಗ ಯಜಮಾನರ ಕಣ್ಣಿಗೆ ಬೀಳುತ್ತಾನೆ. ಕೆಲಸ ಉಳಿಸಿಕೊಳ್ಳಲು, ಅಲ್ಲಿದ್ದವನು ತಾನಲ್ಲ, ತನ್ನ ಅವಳಿ ತಮ್ಮ ಲಕ್ಷ್ಮಣಪ್ರಸಾದ ಎನ್ನುತ್ತಾನೆ. ಅಲ್ಲಿಂದ ಮುಂದೆ ಬೋಳು ಮುಖದಲ್ಲಿ ತಮ್ಮ, ಅಂಟುಮೀಸೆಯಲ್ಲಿ ಅಣ್ಣ.

ಮುಖ ಒಂದೇ, ದನಿ ಒಂದೇ, ಎತ್ತರ ಒಂದೇ. ಮೂಗಿನ ಕೆಳಗಿನ ನಾಲ್ಕು ಕೂದಲನ್ನು ನಂಬಿ ಇವರಿಬ್ಬರೂ ಬೇರೆ ಬೇರೆ ಎಂದು ಒಬ್ಬ ಅನುಭವಸ್ಥ ವ್ಯಾಪಾರಿ ಒಪ್ಪಿಕೊಂಡುಬಿಡುತ್ತಾನೆ. ಉತ್ಪಲ್ ದತ್ ಆ ಪಾತ್ರವನ್ನು ಪೆದ್ದನಂತೆ ಆಡಿಲ್ಲ. ಭವಾನಿಶಂಕರನ ಕಣ್ಣು ಚೆನ್ನಾಗಿಯೇ ಇದೆ, ಬುದ್ಧಿಯೂ ಚುರುಕಾಗಿಯೇ ಇದೆ. ಮೀಸೆಯಿದ್ದವನು ಸಭ್ಯ, ಇಲ್ಲದವನು ಪೋಲಿ ಎಂಬ ಕಾಯಿದೆ ಅವನೇ ಮಾಡಿಕೊಂಡದ್ದು. ಹಾಗಾಗಿ ಸಭ್ಯನೂ ಪೋಲಿಯೂ ಒಬ್ಬನೇ ಆಗಿರಬಹುದು ಎಂಬುದು ಅವನ ತಲೆಗೆ ಹೋಗುವುದೇ ಇಲ್ಲ. ಅದಲು ಬದಲಿನ ಹಾಸ್ಯಚಿತ್ರಗಳನ್ನು ಸಾಲಾಗಿ ನೋಡುತ್ತಾ ಬಂದರೆ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ಇಬ್ಬರು ಒಂದೇ ಥರ ಇರುವುದು ಕಥೆಗೊಂದು ನೆಪ. ಎದುರಿಗಿರುವವರು ಏನನ್ನು ನೋಡಲು ತಯಾರಾಗಿ ಬಂದಿದ್ದಾರೆ ಎಂಬುದರಲ್ಲಿ ನಗು ಇರುತ್ತದೆ. ಅದನ್ನು ಅರಿತು ಬರೆದ ಚಿತ್ರಗಳು ಹತ್ತಾರು ವರ್ಷ ಬಾಳಿವೆ. ಹೋಲಿಕೆಯನ್ನೇ ಬಂಡವಾಳ ಮಾಡಿಕೊಂಡವು ಬಿಡುಗಡೆಯಾದ ವರ್ಷದಲ್ಲೇ ಮುಗಿದುಹೋಗಿವೆ.

ಈ ಕಥಾಜಾತಿ ಬಹಳ ಹಳೆಯದು. ರೋಮಿನ ಪ್ಲಾಟಸ್ ಕ್ರಿಸ್ತಪೂರ್ವದಲ್ಲೇ ‘ಮೆನೆಕ್ಮಿ’ ಎಂಬ ನಾಟಕದಲ್ಲಿ ಬೇರ್ಪಟ್ಟ ಅವಳಿಗಳನ್ನು ಒಂದೇ ಊರಿಗೆ ತಂದು ನಿಲ್ಲಿಸಿದ್ದ. ಶೇಕ್ಸ್‌ಪಿಯರ್ ಅದನ್ನು ಎತ್ತಿಕೊಂಡು, ಯಜಮಾನರ ಜೋಡಿಗೆ ಸೇವಕರ ಒಂದು ಜೋಡಿಯನ್ನು ಸೇರಿಸಿ ‘ಕಾಮಿಡಿ ಆಫ್ ಎರರ್ಸ್’ ಬರೆದ. 1594ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ರೇಸ್ ಇನ್ ಎಂಬ ವಕೀಲರ ವಸತಿಯಲ್ಲಿ ಅದು ಪ್ರದರ್ಶನಗೊಂಡಿತ್ತು. ಕನ್ನಡಕ್ಕೆ ಈ ನಾಟಕ 1870ರ ದಶಕದಲ್ಲೇ ಎರಡು ದಾರಿಯಲ್ಲಿ ಬಂದದ್ದು ನಮ್ಮ ಸಾಹಿತ್ಯ ಚರಿತ್ರೆಯ ಒಂದು ಸೊಗಸಾದ ಸಂಗತಿ. ಧಾರವಾಡದ ಕಡೆ ಚನ್ನಬಸಪ್ಪನವರು ಅದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಿಸಿದರು. ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಬಂಗಾಳಿಯಲ್ಲಿ ‘ಭ್ರಾಂತಿವಿಲಾಸ’ವೆಂದು ಹೇಳಿದ ಅದೇ ಕಥೆಯನ್ನು ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕನ್ನಡಕ್ಕೆ ತಂದರು. ಕನ್ನಡ ಕಾದಂಬರಿ ಇನ್ನೂ ಕಣ್ಣು ಬಿಡುತ್ತಿದ್ದ ಹೊತ್ತಿಗೆ ನಮ್ಮ ಓದುಗರು ಅವಳಿ ಯಜಮಾನ, ಅವಳಿ ಆಳುಗಳ ಪೇಚಾಟಕ್ಕೆ ನಕ್ಕಿದ್ದರು.

ಬಂಗಾಳಿಯ ಎಳೆಯೇ ಮುಂದೆ ಸಿನಿಮಾಕ್ಕೂ ಬಂತು. 1963ರಲ್ಲಿ ಉತ್ತಮ್ ಕುಮಾರ್ ಮತ್ತು ಭಾನು ಬಂದ್ಯೋಪಾಧ್ಯಾಯ ಅಭಿನಯದ ‘ಭ್ರಾಂತಿ ಬಿಲಾಸ್’, 1968ರಲ್ಲಿ ಕಿಶೋರ್ ಕುಮಾರ್ ಅವರ ‘ದೋ ದೂನಿ ಚಾರ್’. ಈ ಎರಡನೆಯದಕ್ಕೆ ಬರೆದಿದ್ದ ಗುಲ್ಜಾರ್ ಹದಿನಾಲ್ಕು ವರ್ಷದ ನಂತರ ಅದೇ ಕಥೆಯನ್ನು ತಾವೇ ನಿರ್ದೇಶಿಸಿ ‘ಅಂಗೂರ್’ (1982) ಮಾಡಿದರು. ಸಂಜೀವ್ ಕುಮಾರ್ ಇಬ್ಬರು ಅಶೋಕರಾಗಿ, ದೇವೇನ್ ವರ್ಮಾ ಇಬ್ಬರು ಬಹಾದ್ದೂರರಾಗಿ ನಟಿಸಿದ ಈ ಚಿತ್ರವನ್ನು ಭಾರತದ ಅದಲು ಬದಲು ಚಿತ್ರಗಳ ಮೊದಲ ಸಾಲಿನಲ್ಲಿ ಇಡಬೇಕು. ಕಾರಣವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಶೇಕ್ಸ್‌ಪಿಯರನ ನಾಟಕದಲ್ಲಿ ಒಂದು ತೊಡಕಿದೆ. ಸಿರಾಕ್ಯೂಸಿನಿಂದ ಬಂದ ಯುವಕ ಹೊರಟಿರುವುದೇ ಕಳೆದುಹೋದ ಅವಳಿ ಅಣ್ಣನನ್ನು ಹುಡುಕಿಕೊಂಡು. ಗೊತ್ತಿಲ್ಲದ ಊರಿನಲ್ಲಿ ಗುರುತಿಲ್ಲದವರೆಲ್ಲ ಹೆಸರು ಹಿಡಿದು ಮಾತಾಡಿಸುತ್ತಾರೆ, ಒಬ್ಬಳು ಗಂಡನೇ ಎಂದು ಕೈಹಿಡಿದು ಊಟಕ್ಕೆ ಎಳೆಯುತ್ತಾಳೆ. ಅಣ್ಣ ಇಲ್ಲೇ ಎಲ್ಲೋ ಇದ್ದಾನೆ ಎಂದು ಅವನಿಗೆ ಏಕೆ ಹೊಳೆಯುವುದಿಲ್ಲ? ನಾಟಕಕಾರ ಇದಕ್ಕೆ ಕೊಟ್ಟ ಉತ್ತರ, ಎಫೆಸಸ್ ಮಾಟಮಂತ್ರದ ಊರು ಎಂಬ ಕೀರ್ತಿ. ಯುವಕ ಎಲ್ಲವನ್ನೂ ಮಾಟವೆಂದೇ ತಿಳಿದು ಹೆದರುತ್ತಾನೆ. ಇಪ್ಪತ್ತನೆಯ ಶತಮಾನದ ಹಿಂದಿ ಚಿತ್ರದಲ್ಲಿ ಈ ಉತ್ತರ ನಡೆಯುವುದಿಲ್ಲ. ಗುಲ್ಜಾರ್ ಹೊರಊರಿನ ಅಶೋಕನ ಕೈಗೆ ಪತ್ತೇದಾರಿ ಕಾದಂಬರಿ ಕೊಟ್ಟರು. ಅವನು ದ್ರಾಕ್ಷಿ ತೋಟ ಕೊಳ್ಳಲು ಕಂತೆಗಟ್ಟಲೆ ಹಣ ಹಿಡಿದುಕೊಂಡು ಬಂದವನು. ರೈಲಿನಲ್ಲೇ ಪತ್ತೇದಾರಿ ಕಥೆಯಲ್ಲಿ ಮುಳುಗಿದ್ದವನು. ಟ್ಯಾಕ್ಸಿಯವನು ಪರಿಚಯದ ನಗೆ ಬೀರಿದರೂ, ಹೆಂಗಸೊಬ್ಬಳು ಗಂಡನೆಂದು ಅತ್ತರೂ ಅವನಿಗೆ ಕಾಣುವುದು ಒಂದೇ, ತನ್ನ ಹಣದ ಹಿಂದೆ ಬಿದ್ದಿರುವ ಕಳ್ಳರ ಗುಂಪು. ಸಂಜೀವ್ ಕುಮಾರ್ ಕಣ್ಣು ಕಿರಿದು ಮಾಡಿ, ಬ್ಯಾಗನ್ನು ಅವುಚಿಕೊಂಡು, ಪ್ರತಿಯೊಬ್ಬರನ್ನೂ ಅಳೆಯುತ್ತಾ ನಡೆಯುವುದನ್ನು ನೋಡಿದಾಗ ಚಿತ್ರಕಥೆ ಬರೆಯುವುದು ಎಂದರೆ ಇದು ಎನ್ನಿಸುತ್ತದೆ. ಪಾತ್ರದ ಓದೇ ಅವನನ್ನು ಕುರುಡು ಮಾಡಿದೆ. ಮನೆಯಲ್ಲಿರುವ ಹೆಂಡತಿಗೂ ಅಷ್ಟೇ ಗಟ್ಟಿಯಾದ ಕಾರಣವಿದೆ. ಗಂಡ ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಹೋಗಿದ್ದಾನೆ, ಈಗ ಪರಿಚಯವೇ ಇಲ್ಲದವನಂತೆ ಆಡುತ್ತಿದ್ದರೆ ಅದು ಆ ಸಿಟ್ಟಿನ ಮುಂದುವರಿಕೆ. ಪ್ರತಿ ತಪ್ಪಿಗೂ ಒಂದು ನ್ಯಾಯವಾದ ಕಾರಣ ಇರುವುದರಿಂದ ಎರಡು ಗಂಟೆಯ ಗೊಂದಲದಲ್ಲಿ ಎಲ್ಲೂ ನಮಗೆ ಮೋಸವಾಯಿತು ಎನ್ನಿಸುವುದಿಲ್ಲ.

ಆದರೂ ‘ಅಂಗೂರ್’ನಲ್ಲಿ ಒಂದನ್ನು ಬಿಟ್ಟದ್ದು ನನಗೆ ಕೊರತೆಯೇ. ಮೂಲ ನಾಟಕ ಶುರುವಾಗುವುದು ಮರಣದಂಡನೆಯಿಂದ. ಅವಳಿಗಳ ಮುದಿ ತಂದೆ ಶತ್ರು ಊರಿಗೆ ಕಾಲಿಟ್ಟ ತಪ್ಪಿಗೆ ಸಂಜೆಯೊಳಗೆ ದಂಡ ಕಟ್ಟಬೇಕು, ಇಲ್ಲವೇ ತಲೆ ಕೊಡಬೇಕು. ಊರಿಡೀ ನಗೆಪಾಟಲು ನಡೆಯುತ್ತಿರುವಾಗ ಹಿನ್ನೆಲೆಯಲ್ಲಿ ಹೊತ್ತು ಇಳಿಯುತ್ತಿರುತ್ತದೆ. ಸಿನಿಮಾಗಳು ಆ ಮುದುಕನನ್ನು ಕೈಬಿಟ್ಟು ನಗುವನ್ನು ಮಾತ್ರ ಇಟ್ಟುಕೊಂಡವು. ಇನ್ನೊಂದು ಮಾತು, ನಾಟಕದ ಆಳುಗಳು ಪ್ರತಿ ಗೊಂದಲದ ಕೊನೆಗೂ ಏಟು ತಿನ್ನುತ್ತಾರೆ. ಯಜಮಾನನಿಗೆ ಗುರುತು ತಪ್ಪಿದರೆ ಅದು ಸೋಜಿಗ, ಆಳಿಗೆ ತಪ್ಪಿದರೆ ಒದೆ. ಬಹಾದ್ದೂರನ ಪಾತ್ರಕ್ಕೆ ದೇವೇನ್ ವರ್ಮಾ ತಂದ ತಣ್ಣನೆಯ ಸಹನೆ ಈ ಅನ್ಯಾಯವನ್ನು ಮಾತಿಲ್ಲದೆ ತೋರಿಸುತ್ತದೆ. ಅವರಿಗೆ ಸಿಕ್ಕ ಫಿಲ್ಮ್‌ಫೇರ್ ಪ್ರಶಸ್ತಿ ಸರಿಯಾದ ಕೈಗೇ ಹೋಯಿತು.

ಕನ್ನಡದಲ್ಲಿ ಪತ್ರಕರ್ತ ಎನ್.ಎಸ್. ಶಂಕರ್ 1997ರಲ್ಲಿ ಇದೇ ನಾಟಕದ ಜಾಡಿನಲ್ಲಿ ರಮೇಶ್ ಅರವಿಂದ್ ಅವರನ್ನು ನಾಯಕರನ್ನಾಗಿಸಿ ‘ಉಲ್ಟಾ ಪಲ್ಟಾ’ ನಿರ್ದೇಶಿಸಿದರು. ಅದು ಮರುವರ್ಷ ತೆಲುಗಿಗೂ ಹೋಯಿತು. ಚನ್ನಬಸಪ್ಪನವರ ಕಾಲದಿಂದ ನೂರಿಪ್ಪತ್ತೈದು ವರ್ಷ ದಾಟಿಯೂ ಕನ್ನಡದಲ್ಲಿ ಅದೇ ಕಥೆಗೆ ಜನ ಬಂದರು ಎಂಬುದು ಈ ಹೆಣಿಗೆಯ ಕಸುವು.

ಸಿನಿಮಾಕ್ಕೆ ರಂಗಭೂಮಿಗಿಲ್ಲದ ಒಂದು ಶಕ್ತಿ ಸಿಕ್ಕಿತ್ತು. ಒಬ್ಬನೇ ನಟ ತನ್ನ ಪಕ್ಕದಲ್ಲಿ ತಾನೇ ನಿಲ್ಲಬಹುದು. ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು, ಮಸೂರದ ಅರ್ಧ ಭಾಗಕ್ಕೆ ಮರೆಯಿಟ್ಟು ಒಂದು ಸಲ, ಫಿಲ್ಮ್ ಹಿಂದಕ್ಕೆ ಸುತ್ತಿ ಇನ್ನರ್ಧಕ್ಕೆ ಮರೆಯಿಟ್ಟು ಇನ್ನೊಂದು ಸಲ ಚಿತ್ರಿಸಿದರೆ ಆಯಿತು. ಬಸ್ಟರ್ ಕೀಟನ್ 1921ರ ‘ದಿ ಪ್ಲೇಹೌಸ್’ನಲ್ಲಿ ಹೀಗೆಯೇ ಒಂದು ಚೌಕಟ್ಟಿನಲ್ಲಿ ಒಂಬತ್ತು ಕೀಟನ್‌ಗಳನ್ನು ನಿಲ್ಲಿಸಿದ. ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಒಂಬತ್ತು ಸಲವೂ ವೇಗ ಒಂದೇ ಇರಬೇಕಿತ್ತು. ನಮ್ಮಲ್ಲಿ ಫಾಲ್ಕೆಯವರ ‘ಲಂಕಾ ದಹನ’ (1917) ಚಿತ್ರದಲ್ಲಿ ಸಾಳುಂಕೆ ಎಂಬ ನಟ ರಾಮನೂ ಸೀತೆಯೂ ತಾನೇ ಆಗಿದ್ದ. ಈ ಶಕ್ತಿಯಿಂದ ಹುಟ್ಟಿದ ದ್ವಿಪಾತ್ರ ದಕ್ಷಿಣದ ಚಿತ್ರರಂಗದಲ್ಲಿ ದೊಡ್ಡ ವ್ಯಾಪಾರವಾಯಿತು. ತಾಪಿ ಚಾಣಕ್ಯ ಒಂದೇ ಕಥೆಯನ್ನು ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅವರಿಗೆ ‘ರಾಮುಡು ಭೀಮುಡು’ (1964), ತಮಿಳಿನಲ್ಲಿ ಎಂ.ಜಿ.ಆರ್. ಅವರಿಗೆ ‘ಎಂಗ ವೀಟ್ಟು ಪಿಳ್ಳೈ’ (1965), ಹಿಂದಿಯಲ್ಲಿ ದಿಲೀಪ್ ಕುಮಾರ್ ಅವರಿಗೆ ‘ರಾಮ್ ಔರ್ ಶ್ಯಾಮ್’ (1967) ಎಂದು ಮಾಡಿಕೊಟ್ಟರು. ಅಂಜುಬುರುಕನ ಜಾಗಕ್ಕೆ ಗಟ್ಟಿಗ ಬಂದು, ದಬ್ಬಾಳಿಕೆಯ ಭಾವನಿಗೆ ಚಾಟಿ ಬೀಸುವ ಕಥೆ. ಹೆಣ್ಣುಮಕ್ಕಳಿಗೆ ಅದೇ ಅಚ್ಚು ‘ಸೀತಾ ಔರ್ ಗೀತಾ’, ‘ಚಾಲ್‌ಬಾಜ್’ ಆಗಿ, ಕನ್ನಡದಲ್ಲಿ ಮಾಲಾಶ್ರೀಯವರ ‘ರಾಣಿ ಮಹಾರಾಣಿ’ಯಾಗಿ ಬಂತು. ಇವು ಜನರಿಗೆ ಸಂತೋಷ ಕೊಟ್ಟ ಚಿತ್ರಗಳು, ನಿಜ. ಆದರೆ ಇವುಗಳಲ್ಲಿ ಗುರುತು ತಪ್ಪುವುದು ಕ್ಷಣದ ಮಾತು. ಜನ ಕಾಯುವುದು ಚಾಟಿಗೆ. ನಮ್ಮ ನಿರ್ಮಾಪಕರು ದ್ವಿಪಾತ್ರವೆಂದರೆ ಒಂದು ಟಿಕೆಟ್ಟಿಗೆ ಎರಡು ನಾಯಕರು ಎಂದು ಲೆಕ್ಕ ಹಾಕತೊಡಗಿದ ಮೇಲೆ ಗೊಂದಲವನ್ನು ಹೆಣೆಯುವ ಬರವಣಿಗೆ ಸೊರಗಿತು. ಇದಕ್ಕೆ ದೊಡ್ಡ ಅಪವಾದ ‘ಮೈಕೆಲ್ ಮದನ ಕಾಮ ರಾಜನ್’ (1990). ಅಲ್ಲಿ ನಾಲ್ವರು ಕಮಲ್ ಹಾಸನ್‌ಗಳನ್ನು ಕ್ರೇಜಿ ಮೋಹನ್ ಮುಖದಿಂದಲ್ಲ, ಮಾತಿನಿಂದ ಬೇರೆ ಮಾಡಿದರು. ಕಣ್ಣು ಮುಚ್ಚಿಕೊಂಡು ಕೇಳಿದರೂ ಪಾಲಕ್ಕಾಡಿನ ಅಡುಗೆಯವನು ಯಾರೆಂದು ತಿಳಿಯುತ್ತದೆ.

ಹೋಲಿಕೆಯೇ ಇಲ್ಲದೆ ವೇಷದಿಂದ ನಡೆಯುವ ಅದಲು ಬದಲು ಇನ್ನೊಂದು ಬಗೆ. ನಮಗೆ ಇದು ಹೊಸದಲ್ಲ. ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾದ ಅರ್ಜುನನನ್ನೂ, ನಾಟ್ಯಶಾಲೆಯಲ್ಲಿ ಸೀರೆಯುಟ್ಟು ಕೀಚಕನಿಗಾಗಿ ಕಾದ ಭೀಮನನ್ನೂ ಯಕ್ಷಗಾನದ ಬಯಲಿನಲ್ಲಿ ಎಷ್ಟು ತಲೆಮಾರು ನೋಡಿ ನಕ್ಕಿದೆಯೋ. ಸಿನಿಮಾದಲ್ಲಿ ಗಂಡು ಹೆಣ್ಣಿನ ವೇಷ ಹಾಕಿದರೆ ನಗು ಸುಲಭವಾಗಿ ಬರುತ್ತದೆ, ಅದಕ್ಕೇ ಅಲ್ಲಿ ಸೋಮಾರಿತನವೂ ಹೆಚ್ಚು. ಬಿಲ್ಲಿ ವೈಲ್ಡರನ ‘ಸಮ್ ಲೈಕ್ ಇಟ್ ಹಾಟ್’ (1959) ಆ ಸೋಮಾರಿತನಕ್ಕೆ ಬೀಳಲಿಲ್ಲ. ಷಿಕಾಗೋದ ಕೊಲೆಯೊಂದನ್ನು ಕಣ್ಣಾರೆ ಕಂಡ ಇಬ್ಬರು ವಾದ್ಯಗಾರರು ಜೀವ ಉಳಿಸಿಕೊಳ್ಳಲು ಹೆಂಗಸರ ಬ್ಯಾಂಡಿಗೆ ಸೇರುತ್ತಾರೆ. ವೇಷ ಕಳಚಿದರೆ ಗುಂಡೇಟು. ಆ ಭಯ ಇರುವುದರಿಂದಲೇ ಎತ್ತರದ ಹಿಮ್ಮಡಿಯಲ್ಲಿ ಜ್ಯಾಕ್ ಲೆಮ್ಮನ್ ಎಡವುವುದು ಬರೀ ಕುಚೋದ್ಯ ಆಗುವುದಿಲ್ಲ. ‘ಟೂಟ್ಸಿ’ (1982) ಒಂದು ಹೆಜ್ಜೆ ಮುಂದೆ ಹೋಗಿ, ಹೆಣ್ಣಾಗಿ ಬದುಕುವಾಗ ಎದುರಾಗುವ ತಾತ್ಸಾರವನ್ನು ಆ ಗಂಡಸಿಗೇ ಉಣ್ಣಿಸಿತು.

ನಮ್ಮಲ್ಲಿ ವೇಷ ಹಾಕಿಸಿದ್ದು ಬಾಡಿಗೆ ಮನೆ. ಮದುವೆಯಾಗದ ಹುಡುಗರಿಗೆ ಯಾರೂ ಮನೆ ಕೊಡುವುದಿಲ್ಲ, ಹಾಗಾಗಿ ಗೆಳೆಯರಲ್ಲಿ ಇಬ್ಬರು ಹೆಂಡಿರ ವೇಷ ಹಾಕುತ್ತಾರೆ. ಬಂಗಾಳಿಯಲ್ಲಿ ಬೇರು ಬಿಟ್ಟ ಈ ಕಥೆಯನ್ನು ಹೃಷಿಕೇಶ್ ಮುಖರ್ಜಿ ‘ಬೀವಿ ಔರ್ ಮಕಾನ್’ (1966) ಮಾಡಿದರು. ಮರಾಠಿಯ ‘ಅಶೀ ಹೀ ಬನವಾ ಬನವೀ’ (1988) ಅದನ್ನು ಮಹಾರಾಷ್ಟ್ರದ ಮನೆಮಾತಾಗಿಸಿತು. ಅಲ್ಲಿಂದ ಅದು ತೆಲುಗು, ಕನ್ನಡಗಳಿಗೂ ಇಳಿಯಿತು. ಊರಿಂದ ಊರಿಗೆ ಹೋದಂತೆ ಮನೆಯ ಕಷ್ಟ ತೆಳುವಾಗುತ್ತಾ ಸೀರೆಯ ತಮಾಷೆ ದಪ್ಪವಾಯಿತು ಎಂದು ನನಗೆ ಬೇಸರವಿದೆ. ಬ್ರಹ್ಮಚಾರಿಗಳಿಗೆ ಮನೆಯಿಲ್ಲ ಎಂಬ ಮಾತು ಬೆಂಗಳೂರಿನಲ್ಲಿ ಇವತ್ತಿಗೂ ಕೇಳಿಬರುವ ಮಾತು. ಜಾತಿ ಕೇಳಿ, ಧರ್ಮ ಕೇಳಿ, ಅಡುಗೆಮನೆಯಲ್ಲಿ ಏನು ಬೇಯಿಸುತ್ತೀರಿ ಎಂದು ಕೇಳಿ ಮನೆ ಕೊಡುವ ಊರಿನಲ್ಲಿ ಬಾಡಿಗೆಗಾಗಿ ಗುರುತು ಬದಲಿಸುವ ಕಥೆಗೆ ಎಷ್ಟೊಂದು ಆಳವಿತ್ತು.

ಬೆಂಗಳೂರು ಎಂದಾಗ ‘ಪುಷ್ಪಕ ವಿಮಾನ’ (1987) ನೆನಪಾಗಲೇಬೇಕು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ನಮ್ಮ ಶೃಂಗಾರ್ ನಾಗರಾಜ್ ಜೊತೆಗೂಡಿ ನಿರ್ಮಿಸಿ, ಇದೇ ಊರಿನಲ್ಲಿ ಚಿತ್ರಿಸಿದ ಮಾತಿಲ್ಲದ ಚಿತ್ರ. ಕೆಲಸಕ್ಕಾಗಿ ಸಾಲಿನಲ್ಲಿ ನಿಂತು ನಿಂತು ಸೋತ ಪದವೀಧರನೊಬ್ಬ, ಒಂದು ರಾತ್ರಿ ಕುಡಿದು ರಸ್ತೆಯಲ್ಲಿ ಬಿದ್ದಿದ್ದ ಶ್ರೀಮಂತನನ್ನು ಎತ್ತಿಕೊಂಡು ಬಂದು ತನ್ನ ಕೋಣೆಯಲ್ಲಿ ಕಟ್ಟಿಹಾಕುತ್ತಾನೆ. ಅವನ ಜೇಬಿನ ಕೀಲಿ ಹಿಡಿದು ಪಂಚತಾರಾ ಹೋಟೆಲಿಗೆ ಹೋಗುತ್ತಾನೆ. ಕಮಲ್ ಹಾಸನ್‌ಗೂ ಆ ಶ್ರೀಮಂತನಾದ ಸಮೀರ್ ಖಕ್ಕರ್‌ಗೂ ಕಿವಿಯ ತುದಿಯಷ್ಟೂ ಹೋಲಿಕೆ ಇಲ್ಲ. ಬೇಕಾಗಿಯೂ ಇಲ್ಲ. ಕೈಯಲ್ಲಿ ಕೀಲಿ ಇದೆ, ಮೈಮೇಲೆ ಸೂಟು ಇದೆ, ಅಷ್ಟಕ್ಕೇ ಬಾಗಿಲ ಬಳಿಯವನು ಸಲಾಮು ಹೊಡೆಯುತ್ತಾನೆ. ಶ್ರೀಮಂತನನ್ನು ಕೊಲ್ಲಲು ಬಂದ ಬಾಡಿಗೆ ಹಂತಕ, ಟಿನ್ನು ಆನಂದ್, ಮಂಜುಗಡ್ಡೆಯ ಚೂರಿ ಹಿಡಿದು ಇವನ ಹಿಂದೆಯೇ ಸುತ್ತುತ್ತಾನೆ. ಕೋಣೆ ಯಾರದೋ ಸಾವೂ ಅವರದೇ. ಇನ್ನೊಬ್ಬರ ಬದುಕನ್ನು ಎತ್ತಿಕೊಂಡರೆ ಅವರ ಶತ್ರುಗಳೂ ಜೊತೆಗೆ ಬರುತ್ತಾರೆ ಎಂಬುದನ್ನು ಈ ಹಂತಕನ ಪೇಚಾಟ ಒಂದು ಮಾತೂ ಇಲ್ಲದೆ ಹೇಳಿಬಿಡುತ್ತದೆ.

ಆ ಚಿತ್ರದ ಒಂದು ದೃಶ್ಯವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ಯುವಕನಿಗೆ ನಿದ್ದೆ ಬರುವುದಿಲ್ಲ. ಅವನ ಹಳೆಯ ಕೋಣೆಯ ಪಕ್ಕದಲ್ಲೇ ಸಿನಿಮಾ ಟೆಂಟಿನಂಥ ಗದ್ದಲ, ಹೊಡೆದಾಟದ ಸದ್ದು ರಾತ್ರಿಯಿಡೀ ಕೇಳುತ್ತಿತ್ತು. ಅಲ್ಲಿಗೆ ಮರಳಿ ಹೋಗಿ ಆ ಸದ್ದನ್ನು ಟೇಪಿನಲ್ಲಿ ಹಿಡಿದು ತಂದು, ಹೋಟೆಲಿನಲ್ಲಿ ಹಚ್ಚಿ, ನೆಮ್ಮದಿಯಾಗಿ ಮಲಗುತ್ತಾನೆ. ಜಗತ್ತು ಪೂರ್ತಿ ಮೋಸಹೋಗಿದ್ದರೂ ಅವನ ಕಿವಿ ಮೋಸಹೋಗಿಲ್ಲ. ಕೊನೆಗೆ ತಾನು ಯಾರೆಂದು ಪ್ರೀತಿಸಿದ ಹುಡುಗಿಗೆ ಅವನೇ ಬರೆದು ತಿಳಿಸುತ್ತಾನೆ, ಮತ್ತೆ ಕೆಲಸದ ಸಾಲಿಗೆ ಮರಳುತ್ತಾನೆ. ಸಿಕ್ಕಿಬಿದ್ದು ಗುಟ್ಟು ರಟ್ಟಾಗುವುದು ಈ ಜಾತಿಯ ಚಿತ್ರಗಳ ಮಾಮೂಲು. ತಾನಾಗಿಯೇ ಕೀಲಿ ಬಿಟ್ಟುಕೊಡುವ ನಾಯಕ ಅಪರೂಪ. ಅತ್ಯುತ್ತಮ ಜನಪ್ರಿಯ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಮುಖವೂ ಬದಲಾಗದೆ, ವೇಷವೂ ಇಲ್ಲದೆ, ಬರೀ ಹೆಸರಿನಿಂದ ಆಗುವ ಗೊಂದಲಕ್ಕೆ ಕನ್ನಡದ ಅತಿ ಒಳ್ಳೆಯ ಉದಾಹರಣೆ ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990). ಮಲ್ಲಾದಿ ವೆಂಕಟಕೃಷ್ಣಮೂರ್ತಿಯವರ ತೆಲುಗು ಕಾದಂಬರಿಯ ಕಥೆಯಾದರೂ ಬೆಂಗಳೂರಿನ ವಠಾರಕ್ಕೆ ಅದು ಹೊಂದಿಕೊಂಡ ಬಗೆ ನೋಡಿದರೆ ಇಲ್ಲೇ ಹುಟ್ಟಿದ್ದೆನ್ನಿಸುತ್ತದೆ. ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್ ಒಂದೇ ವಠಾರದಲ್ಲಿ ದಿನಬೆಳಗಾದರೆ ಜಗಳವಾಡುವವರು. ಅದೇ ಹೊತ್ತಿಗೆ ಅವನು ಒಬ್ಬ ಗಾಯಕಿಯ ಕಂಠಕ್ಕೆ ಮಾರುಹೋಗಿ ಅವಳಿಗೆ ಕಾಗದ ಬರೆಯುತ್ತಿದ್ದಾನೆ. ಆ ಗಾಯಕಿ ಗೋಡೆಯಾಚೆ ಬೈದಾಡುವವಳೇ ಎಂದು ಅವನಿಗೆ ತಿಳಿಯದು. ಕಾಗದ ಬರೆಯುವ ಸಜ್ಜನ ಇವನೇ ಎಂದು ಅವಳಿಗೂ ತಿಳಿಯದು. ಇದೇ ಹಂದರದ ಹಂಗೇರಿಯ ನಾಟಕವೊಂದನ್ನು ಅರ್ನ್‌ಸ್ಟ್ ಲುಬಿಚ್ 1940ರಲ್ಲೇ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಮಾಡಿದ್ದ, ಅಲ್ಲಿ ಜಗಳಕ್ಕೆ ಅಂಗಡಿ ಇತ್ತು. ವಠಾರ ಅದಕ್ಕಿಂತ ಬಿಗಿಯಾದ ಜಾಗ. ನಲ್ಲಿ ಒಂದು, ಅಂಗಳ ಒಂದು, ಯಜಮಾನ ಒಬ್ಬ. ಮುಖ್ಯಮಂತ್ರಿ ಚಂದ್ರು ಅವರ ಆ ಯಜಮಾನನನ್ನು ಮರೆಯುವುದು ಹೇಗೆ. ಇಷ್ಟು ಹತ್ತಿರ ಇದ್ದುಕೊಂಡೇ ಒಬ್ಬರನ್ನೊಬ್ಬರು ಕಾಣದಿರಲು ಸಾಧ್ಯ, ಯಾಕೆಂದರೆ ಇಬ್ಬರೂ ಎದುರಿನವರ ಬಗ್ಗೆ ಈಗಾಗಲೇ ತೀರ್ಮಾನಕ್ಕೆ ಬಂದಿದ್ದಾರೆ. ಭವಾನಿಶಂಕರನ ಮೀಸೆಯ ಜಾಗದಲ್ಲಿ ಇಲ್ಲಿ ನೆರೆಮನೆಯ ಹಗೆ ಇದೆ. ಚಿತ್ರಮಂದಿರದಲ್ಲಿ ಕೂತ ನಮಗೆ ಮಾತ್ರ ಎರಡೂ ಗೊತ್ತು. ಹಾಗಾಗಿ ಅವರು ಬೈದಾಡಿದಷ್ಟೂ ನಮಗೆ ಅವರ ಮೇಲೆ ಅಕ್ಕರೆ ಹೆಚ್ಚುತ್ತದೆ.

ದೇಹವನ್ನೇ ಬದಲಿಸುವ ಕಥೆಗಳನ್ನು ಹಾಲಿವುಡ್ಡು ತನ್ನದೇ ಎಂದು ಭಾವಿಸಿದಂತಿದೆ. ತಾಯಿ ಮಗಳು ಅದಲು ಬದಲಾಗುವ ‘ಫ್ರೀಕಿ ಫ್ರೈಡೇ’ (1976) ಹಲವು ಸಲ ಹೊಸ ಅಂಗಿ ತೊಟ್ಟು ಬಂದಿದೆ. ಆದರೆ ನಮ್ಮಲ್ಲಿ ಇದು ಬಹಳ ಹಳೆಯದು. ಸುಮಾರು ಏಳನೆಯ ಶತಮಾನದ ಸಂಸ್ಕೃತ ಪ್ರಹಸನ ‘ಭಗವದಜ್ಜುಕೀಯ’ದಲ್ಲಿ ಯಮದೂತ ತಪ್ಪಿ ಬೇರೊಬ್ಬ ವೇಶ್ಯೆಯ ಪ್ರಾಣ ಒಯ್ಯುತ್ತಾನೆ. ಶಿಷ್ಯನಿಗೆ ಯೋಗದ ಮಹಿಮೆ ತೋರಿಸಲು ಸನ್ಯಾಸಿ ಅವಳ ದೇಹದೊಳಗೆ ಹೊಕ್ಕುಬಿಡುತ್ತಾನೆ. ತಪ್ಪು ತಿದ್ದಲು ಹಿಂದಿರುಗಿದ ದೂತ ಅವಳ ಪ್ರಾಣವನ್ನು ಖಾಲಿ ಬಿದ್ದಿದ್ದ ಸನ್ಯಾಸಿಯ ದೇಹಕ್ಕೆ ತುಂಬುತ್ತಾನೆ. ವೇದಾಂತ ಹೇಳುವ ವೇಶ್ಯೆ, ಒಲಪು ತೋರುವ ಸನ್ಯಾಸಿ. ಇದನ್ನು ಯಾರಾದರೂ ಮನಸ್ಸಿಟ್ಟು ಕನ್ನಡದಲ್ಲಿ ಸಿನಿಮಾ ಮಾಡಬೇಕೆಂಬುದು ನನ್ನ ಬಹುದಿನದ ಆಸೆ.

ಗುರುತಿನ ತಪ್ಪು ಪ್ರಾಣದವರೆಗೆ ಹೋದ ಹೊತ್ತಿನಲ್ಲೂ ಇಬ್ಬರು ನಗಿಸಿದರು. ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ (1940) ಚಿತ್ರದಲ್ಲಿ ಯಹೂದಿ ಕ್ಷೌರಿಕ ಕದ್ದ ಸಮವಸ್ತ್ರ ತೊಟ್ಟು ಶಿಬಿರದಿಂದ ತಪ್ಪಿಸಿಕೊಂಡಾಗ ಸೈನಿಕರು ಅವನಿಗೆ ವಂದಿಸುತ್ತಾರೆ. ಬೇಟೆಯ ಉಡುಪಿನಲ್ಲಿದ್ದ ಸರ್ವಾಧಿಕಾರಿಯನ್ನು ಅವನ ಸಿಪಾಯಿಗಳೇ ಹಿಡಿದು ಒಯ್ಯುತ್ತಾರೆ. ಲುಬಿಚ್‌ನ ‘ಟು ಬಿ ಆರ್ ನಾಟ್ ಟು ಬಿ’ (1942) ಇನ್ನೂ ಎದೆಗಾರಿಕೆಯದು. ವಾರ್ಸಾದ ನಾಟಕದ ನಟನೊಬ್ಬ ಗೂಢಚಾರನ ವೇಷದಲ್ಲಿ ನಾಜಿಗಳ ಕಚೇರಿಗೆ ಬಂದಿದ್ದಾನೆ. ಅಸಲಿ ಗೂಢಚಾರನ ಹೆಣ ಅವರಿಗೆ ಆಗಲೇ ಸಿಕ್ಕಿದೆ. ನಟನನ್ನು ಆ ಹೆಣದ ಜೊತೆ ಒಂದೇ ಕೋಣೆಯಲ್ಲಿ ಬಿಡುತ್ತಾರೆ. ಅವನು ಅಲ್ಲೇ ಹೆಣದ ಗಡ್ಡ ಬೋಳಿಸಿ, ಜೇಬಿನಲ್ಲಿದ್ದ ಇನ್ನೊಂದು ಅಂಟುಗಡ್ಡವನ್ನು ಅದಕ್ಕೆ ಅಂಟಿಸುತ್ತಾನೆ. ಅಧಿಕಾರಿ ಬಂದು ಹೆಣದ ಗಡ್ಡ ಎಳೆದಾಗ ಅದು ಕೈಗೆ ಬರುತ್ತದೆ. ಸತ್ತ ಅಸಲಿ ನಕಲಿಯಾದ, ಬದುಕಿರುವ ನಕಲಿ ಅಸಲಿಯಾದ. ಪೋಲೆಂಡು ಉರಿಯುತ್ತಿದ್ದಾಗ ಇದನ್ನು ನೋಡಿ ನಗಬಹುದೇ ಎಂದು ಅಂದು ಹಲವರು ಸಿಟ್ಟಾದರು. ಸಮವಸ್ತ್ರಕ್ಕೆ ತಲೆಬಾಗುವ ಅಭ್ಯಾಸದ ಮೇಲೇ ನಿಂತ ಆಳ್ವಿಕೆಯನ್ನು ಇದಕ್ಕಿಂತ ನೇರವಾಗಿ ಯಾರೂ ತಿವಿದಿರಲಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲು. ಗುರುತಿನ ಚೀಟಿಗೆ ಬೆರಳಚ್ಚು. ಅವನೋ ಇವನೋ ಎಂದು ತಿಳಿಯಲು ಒಂದು ವಿಡಿಯೊ ಕರೆ ಸಾಕು. ರೋಹಿತ್ ಶೆಟ್ಟಿ 2022ರಲ್ಲಿ ಮತ್ತೆ ‘ಕಾಮಿಡಿ ಆಫ್ ಎರರ್ಸ್’ ಕಡೆಗೆ ತಿರುಗಿ ‘ಸರ್ಕಸ್’ ಮಾಡಿದಾಗ ಕಥೆಯನ್ನು ಅರುವತ್ತರ ದಶಕದ ಊಟಿಗೆ ಒಯ್ದರು. ಅಲ್ಲಿ ಬಣ್ಣ ಇತ್ತು, ಕಾರಣಗಳ ಹೆಣಿಗೆ ಇರಲಿಲ್ಲ. ಚಿತ್ರ ಸೋತಿತು. ಹಿಂದಕ್ಕೆ ಓಡಬೇಕಾದ ಅಗತ್ಯವಿಲ್ಲ ಎಂದು ಮೂರು ವರ್ಷ ಮೊದಲೇ ‘ಡ್ರೀಮ್ ಗರ್ಲ್’ (2019) ತೋರಿಸಿತ್ತು. ಕೆಲಸ ಸಿಗದ ಹುಡುಗ ಕಾಲ್ ಸೆಂಟರಿನಲ್ಲಿ ಹೆಣ್ಣಿನ ದನಿಯಲ್ಲಿ ‘ಪೂಜಾ’ ಆಗುತ್ತಾನೆ. ಪೊಲೀಸಿನವನಿಂದ ಹಿಡಿದು ಸ್ವಂತ ಅಪ್ಪನವರೆಗೆ ಎಲ್ಲರೂ ಆ ದನಿಗೆ ಸೋಲುತ್ತಾರೆ. ಕರೆ ಮಾಡುವವರ ಒಂಟಿತನವನ್ನು ಚಿತ್ರ ಮುಟ್ಟಿ, ಅರ್ಧಕ್ಕೇ ಬಿಟ್ಟು ಗದ್ದಲಕ್ಕೆ ಇಳಿದದ್ದು ಬೇಸರ.

ಈ ದಾರಿಯಲ್ಲಿ ಬೆಂಗಳೂರಿನ ಬಳಿ ತನ್ನದೇ ಕಥೆ ಇದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಲ್ಲಿನ ಕಾಲ್ ಸೆಂಟರುಗಳಲ್ಲಿ ನಮ್ಮ ಹುಡುಗ ಹುಡುಗಿಯರು ರಾತ್ರಿ ಪಾಳಿಗೆ ಕೂತು ಸ್ಯಾಮ್, ನ್ಯಾನ್ಸಿ ಎಂದು ಹೆಸರು ಬದಲಿಸಿಕೊಂಡು, ಅಮೆರಿಕದ ಉಚ್ಚಾರ ಕಲಿತು, ಅಲ್ಲಿನ ಹವಾಮಾನದ ಬಗ್ಗೆ ಮಾತಾಡಿದರು. ಬೆಳಿಗ್ಗೆ ಕ್ಯಾಬಿನಲ್ಲಿ ಮನೆಗೆ ಬಂದು ಅಮ್ಮನ ಕೈಯ ಉಪ್ಪಿಟ್ಟು ತಿಂದು ಮಲಗಿದರು. ಆ ಕಡೆಯ ಗಿರಾಕಿಗೆ ತಾನು ಯಾರೊಡನೆ ಮಾತಾಡಿದೆ ಎಂದು ತಿಳಿದಿರಲಿಲ್ಲ, ಈ ಕಡೆಯ ಅಪ್ಪ ಅಮ್ಮನಿಗೆ ಮಗನ ಇನ್ನೊಂದು ಹೆಸರು ಗೊತ್ತಿರಲಿಲ್ಲ. ಕೆಲಸದ ಹಸಿವು, ಎರಡು ಹೆಸರು, ಎರಡು ದನಿ, ನಂಬಲು ತಯಾರಾಗಿ ಕೂತ ಗಿರಾಕಿ ಎಲ್ಲವೂ ಅಲ್ಲಿವೆ. ಆ ಪಾಳಿಗಳಲ್ಲಿ ದುಡಿದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ, ಗುಲ್ಜಾರ್ ಹೆಣೆದಷ್ಟು ಶ್ರದ್ಧೆಯಿಂದ ಬರೆಯುವ ಒಬ್ಬ ಚಿತ್ರಕಥೆಗಾರ ಬೇಕು.